ಗುಮ್ಮಟ ನೋಡಿದೆವು, ಬರಹ ಓದಲಿಲ್ಲ

ಸವದತ್ತಿ, ಬೈಲಹೊಂಗಲ, ಕಿತ್ತೂರು ಕಡೆಯಿಂದ ಬೆಳಗಾವಿ ಕೋಟೆ ನೋಡಲು ಹೋಗುವ ನಮ್ಮ ಬಳಗದವರು ಸಫಾ ಮಸೀದಿಯ ಫೋಟೋ ಹಾಕಿ ಕೆಳಗೆ ಬರೆಯುವುದು ಹೆಚ್ಚಾಗಿ ಒಂದೇ ಪಟ್ಟಿ: ಗುಮ್ಮಟ, ಕಮಾನು, ಮಿನಾರು, ಜಾಲಂದ್ರ, ಕೊನೆಗೆ ‘ಸುಂದರ ಬರವಣಿಗೆ’. ಇಂಡೋ-ಇಸ್ಲಾಮಿಕ್ ವಾಸ್ತುಶಿಲ್ಪದ ಲಕ್ಷಣಗಳು ಅಂತ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೂ ಇದನ್ನೇ. ಪಟ್ಟಿ ತಪ್ಪಲ್ಲ, ಆದರೆ ಅದು ದಿಲ್ಲಿ-ಆಗ್ರಾ ನೋಡಿ ಮಾಡಿದ್ದು. ಅಲ್ಲಿನ ಕೆಂಪು ಮರಳುಗಲ್ಲು, ಬಿಳಿ ಅಮೃತಶಿಲೆ ವಿಜಯಪುರದಲ್ಲಿ ಎಲ್ಲಿ ಸಿಗಬೇಕು? ಇಲ್ಲಿರುವುದು ಕಪ್ಪು ಕಲ್ಲು, ಗಾರೆ, ಮತ್ತು ಹೂವಿನ ದಳಗಳ ನಡುವಿನಿಂದ ಎದ್ದಂತೆ ಕಾಣುವ ಗುಮ್ಮಟ.

ನನ್ನ ನಿಜವಾದ ತಕರಾರು ಆ ‘ಸುಂದರ ಬರವಣಿಗೆ’ ಅನ್ನೋ ಮಾತಿನ ಬಗ್ಗೆ. ಶಾಸನ ಓದುವ ನಾವೇ ಅದನ್ನು ಅಲಂಕಾರ ಅಂತ ಬಿಟ್ಟುಬಿಟ್ಟರೆ ಹೇಗ್ರೀ? ಗೋಲಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಮೂರು ಪರ್ಷಿಯನ್ ಸಾಲುಗಳಿವೆ. ಪ್ರತಿ ಅಕ್ಷರಕ್ಕೂ ಒಂದು ಬೆಲೆ. ಕೂಡಿಸಿದರೆ ಮೂರರಲ್ಲೂ ಬರುವುದು ಹಿಜರಿ 1067, ಅಂದರೆ ಮಹಮ್ಮದ್ ಆದಿಲ್‌ಶಾಹ ತೀರಿಕೊಂಡ 1656. ನಮ್ಮ ಶಾಸನಕವಿಗಳು ಶಕವರ್ಷವನ್ನು ಚಂದ್ರ, ನೇತ್ರ, ರಸ ಅಂತ ಪದಗಳಲ್ಲಿ ಅಡಗಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಚಾತುರ್ಯ. ಇನ್ನು ಇಬ್ರಾಹಿಂ ರೌಜಾದ ಕಿಟಕಿಗಳಲ್ಲಿ ಅಕ್ಷರವೇ ಜಾಲಂದ್ರ: ಅಕ್ಷರ ಉಳಿಸಿ ಸುತ್ತಲಿನ ಕಲ್ಲು ಕೊರೆದು ಬೆಳಕು ಬಿಟ್ಟಿದ್ದಾರೆ. ಪಟ್ಟಿಯ ಎರಡು ಲಕ್ಷಣ ಅಲ್ಲಿ ಒಂದೇ ಆಗಿಬಿಟ್ಟಿವೆ. ಕಟ್ಟಿದ ಮಲಿಕ್ ಸಂದಲನ ಹೆಸರು ನಮಗೆ ಗೊತ್ತಾಗಿದ್ದೂ ಅಲ್ಲಿನ ಬರಹದಿಂದಲೇ.

ಈಗ ಸಫಾ ಮಸೀದಿಗೆ ಬನ್ನಿ. 16ನೇ ಶತಮಾನದ ಮೊದಲ ಭಾಗದಲ್ಲಿ ವಿಜಯಪುರದ ಸರದಾರ ಅಸದ್ ಖಾನ್ ಕಟ್ಟಿಸಿದ್ದು ಅನ್ನುತ್ತಾರೆ. ಅದರ ಎರಡು ಕಂಬಗಳ ಮೇಲೆ ಕನ್ನಡ ಶಾಸನಗಳಿವೆ: ಒಂದು 1199ರದು, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು, ಇನ್ನೊಂದು 1261ರದು, ಸೇವುಣ ಕೃಷ್ಣನ ಕಾಲದ್ದು. ರಟ್ಟರು ಅಂದರೆ ಸುಗಂಧವರ್ತಿಯವರು, ನಮ್ಮ ಸವದತ್ತಿಯವರೇ. ಮುಂದೆ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಈಗಿನ ಬೆಳಗಾವಿಗೆ ಒಯ್ದರು. ಸವದತ್ತಿಯಲ್ಲಿ ರಟ್ಟರ ಶಾಸನ ಹುಡುಕುವವರು ಈ ಕಂಬಗಳನ್ನು ತಮ್ಮವು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅವು ‘ಮಸೀದಿಯವು’ ಅಂತ.

ಕೆಲವರು ‘ಗುಡಿ ಕೆಡವಿ ತಂದ ಕಂಬ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ, ಇನ್ನು ಕೆಲವರು ಕಂಬದ ಸುದ್ದಿಯನ್ನೇ ಎತ್ತುವುದಿಲ್ಲ. ಇಬ್ಬರೂ ಅಕ್ಷರದ ಹತ್ತಿರ ಹೋಗಿಲ್ಲ. ಕಂಬ ತಂದು ನಿಲ್ಲಿಸಿದವರು ಅದರ ಮೇಲಿನ ಬರಹ ಅಳಿಸಲಿಲ್ಲ ಅನ್ನುವುದೂ ಒಂದು ಸಂಗತಿ. ಕಾರಣ ಏನೇ ಇರಲಿ, ಅದನ್ನು ಕೈಬಿಟ್ಟು ಆ ಕಟ್ಟಡದ ಬಗ್ಗೆ ಬರೆಯಲಾಗದು. ಮುಂದಿನ ಸಲ ಹೋದವರು ಕಮಾನಿನ ಫೋಟೋ ಒಂದು ಕಡಿಮೆ ಹಾಕಿದರೂ ಪರವಾಗಿಲ್ಲ. ಅನುಮತಿ ಕೇಳಿ, ಓರೆ ಬೆಳಕಿನಲ್ಲಿ ಆ ಕಂಬಗಳ ಸಾಲುಗಳನ್ನು ಒಂದೊಂದಾಗಿ ತೆಗೆದು ಕಳಿಸಿ, ಕೂತು ಓದೋಣ.