ಹಳೆಯ ಆಟಗಳ ಸಂಪಾದಕರು

ಹಳೆಯ ವಿಡಿಯೋ ಗೇಮುಗಳನ್ನು ಒಟ್ಟುಗೂಡಿಸಿ ಹೊಸ ಕನ್ಸೋಲುಗಳಿಗೆ ತರುವ ಉದ್ಯಮವು ಈಚಿನ ವರ್ಷಗಳಲ್ಲಿ ಎಷ್ಟು ಸಮೃದ್ಧವಾಗಿ ನಡೆದಿದೆಯೆಂದರೆ, ಈ ಸುಗ್ಗಿಯನ್ನು ಕಂಡ ಹಳಬರಿಗೆ ಸಂತೋಷವೂ ಸ್ವಲ್ಪ ಸಂಶಯವೂ ಒಟ್ಟೊಟ್ಟಿಗೆ ಉಂಟಾಗುವುದು ಸಹಜ. ಸಂತೋಷಕ್ಕೆ ಕಾರಣ ಹೇಳಬೇಕಾದುದಿಲ್ಲ. ಸಂಶಯಕ್ಕೆ ಕಾರಣವಿದು: ಅಚ್ಚಾದ ಪ್ರಾಚೀನ ಕಾವ್ಯಗಳೆಲ್ಲ ಹೇಗೆ ಸಂಪಾದಿತ ಗ್ರಂಥಗಳಲ್ಲವೋ, ಹಾಗೆಯೇ ಮರಳಿ ಅಂಗಡಿಗೆ ಬಂದ ಆಟಗಳೆಲ್ಲ ಪುನರುಜ್ಜೀವನ ಪಡೆದ ಆಟಗಳಲ್ಲ. ‘ವಡ್ಡಾರಾಧನೆ’ಯನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ಯರ ಪರಂಪರೆಯನ್ನು ಬಲ್ಲ ನಾಡಿನವರು ನಾವು. ಓಲೆಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠವನ್ನು ನಿರ್ಣಯಿಸಿ, ಪಾಠಾಂತರಗಳನ್ನು ಮುಚ್ಚಿಡದೆ ಅಡಿಟಿಪ್ಪಣಿಯಲ್ಲಿ ಕೊಟ್ಟು, ಊಹೆಯನ್ನು ಊಹೆಯೆಂದೇ ಹೇಳುವ ಆ ನಿಷ್ಠೆಯನ್ನು ಈ ಕ್ಷೇತ್ರದಿಂದಲೂ ನಿರೀಕ್ಷಿಸಿದರೆ ಅತಿಯಾಯಿತೆಂದು ನನಗೆ ತೋರುವುದಿಲ್ಲ.

ಆಟದ ವಿಷಯದಲ್ಲಿ ಮೂಲಪಾಠವೆಂದರೆ ಚಿಪ್ಪಿನೊಳಗೆ ಅಡಗಿರುವ ಸಂಕೇತಗಳಷ್ಟೇ ಅಲ್ಲ. 1978ರಲ್ಲಿ ಜಪಾನಿನ ಟೈಟೊ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಇದಕ್ಕೆ ಒಳ್ಳೆಯ ನಿದರ್ಶನ. ಸಾಲುಗಟ್ಟಿ ಇಳಿದು ಬರುವ 55 ಶತ್ರುಗಳಲ್ಲಿ ಆ ಕಾಲದ ಯಂತ್ರವು ಒಂದು ಚಿತ್ರಕ್ಕೆ ಒಬ್ಬನನ್ನು ಮಾತ್ರ ಕದಲಿಸುತ್ತಿದ್ದುದರಿಂದ, ಆಟಗಾರನು ಒಬ್ಬೊಬ್ಬನನ್ನಾಗಿ ಹೊಡೆದುರುಳಿಸಿದಂತೆಲ್ಲ ಉಳಿದವರ ಸರದಿ ಬೇಗಬೇಗನೆ ಬಂದು, ಕಟ್ಟಕಡೆಗೆ ಉಳಿದ ಒಬ್ಬನು ಗುರಿಗೆ ಸಿಕ್ಕದಷ್ಟು ಬಿರುಸಿನಿಂದ ಓಡಾಡುತ್ತಾನೆ. ಯಂತ್ರದ ದೌರ್ಬಲ್ಯದಿಂದ ಹುಟ್ಟಿದ ಈ ವೇಗವೃದ್ಧಿಯನ್ನು ನಿಶಿಕಾಡೊ ತಿದ್ದದೆ ಉಳಿಸಿಕೊಂಡರು. ಆ ಆಟದ ಭಯವೆಲ್ಲ ಅದರಲ್ಲಿಯೇ ಇದೆ. ಇಂದಿನ ಬಲಿಷ್ಠ ಯಂತ್ರದ ಮೇಲೆ ಎಲ್ಲರನ್ನೂ ಒಂದೇ ಹದದಲ್ಲಿ ನಡೆಸಿ ‘ಸುಧಾರಿಸಿದ’ವನು ಆಟವನ್ನು ಕೆಡಿಸಿದಂತೆಯೇ ಸರಿ. ತೆರೆಯ ವಿಚಾರವೂ ಹೀಗೆಯೇ. 1979ರ ‘ಆಸ್ಟರಾಯ್ಡ್ಸ್’ ಚುಕ್ಕೆಗಳನ್ನು ಜೋಡಿಸಿದ ಚಿತ್ರವಲ್ಲ. ಎಲೆಕ್ಟ್ರಾನ್ ಕಿರಣವೇ ಕಪ್ಪು ಗಾಜಿನ ಮೇಲೆ ನೇರವಾಗಿ ಗೆರೆ ಎಳೆಯುತ್ತಿತ್ತು, ಗುಂಡುಗಳು ಗೆರೆಗಳಿಗಿಂತಲೂ ಪ್ರಖರವಾಗಿ ಹೊಳೆಯುತ್ತಿದ್ದುವು. ಆ ಹೊಳಪನ್ನು ಚಪ್ಪಟೆ ಟಿವಿಯಲ್ಲಿ ಮತ್ತೆ ಕಾಣಿಸುವುದು ಶ್ರಮಸಾಧ್ಯವಾದ ಕೆಲಸ. ಇನ್ನು ಗುಂಡಿಯೊತ್ತಿದ್ದಕ್ಕೂ ತೆರೆಯ ಮೇಲೆ ಅದರ ಫಲ ಕಾಣುವುದಕ್ಕೂ ನಡುವಣ ವಿಳಂಬ: ಸೆಕೆಂಡಿಗೆ 60 ಚಿತ್ರಗಳು ಓಡುವ ಆಟದಲ್ಲಿ ನಾಲ್ಕೈದು ಚಿತ್ರಗಳಷ್ಟು ತಡವಾದರೂ ಬಲ್ಲವನ ಬೆರಳು ಅದನ್ನು ಕ್ಷಮಿಸುವುದಿಲ್ಲ.

ಈ ಪರೀಕ್ಷೆಗಳಲ್ಲಿ ಉತ್ತೀರ್ಣವಾದುದಲ್ಲದೆ, ಸಂಕಲನವೆಂಬುದರ ಕಲ್ಪನೆಯನ್ನೇ ವಿಸ್ತರಿಸಿದ ಕೃತಿಯೆಂದರೆ ಅಮೆರಿಕದ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ 2022ರ ನವೆಂಬರಿನಲ್ಲಿ ಹೊರತಂದ ‘ಅಟಾರಿ 50’. ನೋಲನ್ ಬುಶ್‌ನೆಲ್ ಮತ್ತು ಟೆಡ್ ಡ್ಯಾಬ್ನಿ 1972ರಲ್ಲಿ ಸ್ಥಾಪಿಸಿದ ಅಟಾರಿಯ ಅರ್ಧ ಶತಮಾನವನ್ನು ಅದು ಪಟ್ಟಿಯಾಗಿ ಕೊಡದೆ ಕಾಲಾನುಕ್ರಮದ ಚರಿತ್ರೆಯಾಗಿ ನಿರೂಪಿಸುತ್ತದೆ. ಜಾಹೀರಾತುಗಳನ್ನೂ ಕಚೇರಿಯ ಕಾಗದಗಳನ್ನೂ ರಚನಕಾರರ ಸಂದರ್ಶನಗಳನ್ನೂ ನೋಡುತ್ತ ಮುಂದುವರಿದಂತೆ ಆಯಾ ವರ್ಷದ ಆಟ ಎದುರಾಗುತ್ತದೆ. ಅಲ್ಲಿಯೇ ನಿಂತು ಆಡಬಹುದು. 1977ರ ಅಟಾರಿ 2600 ಯಂತ್ರದ ಸ್ಮೃತಿ ಬರಿಯ 128 ಬೈಟ್‌ಗಳಷ್ಟಾಗಿದ್ದು, ಇಡೀ ಚಿತ್ರವನ್ನು ಇರಿಸಿಕೊಳ್ಳಲು ಅದರಲ್ಲಿ ಸ್ಥಳವೇ ಇಲ್ಲದುದರಿಂದ, ಕಿರಣವು ಟಿವಿಯ ಮೇಲೆ ಸಾಗುತ್ತಿದ್ದಂತೆಯೇ ಒಂದೊಂದು ಗೆರೆಯನ್ನೂ ಆ ಕ್ಷಣದಲ್ಲಿ ಸಿದ್ಧಪಡಿಸಿ ಕೊಡುವ ಹೊಣೆ ಪ್ರೋಗ್ರಾಮರನದಾಗಿತ್ತು. ಇದನ್ನು ತಿಳಿದು ಆಡಿದಾಗ ಹೊವರ್ಡ್ ಸ್ಕಾಟ್ ವಾರ್ಷಾ ಅವರ 1982ರ ‘ಯಾರ್ಸ್ ರಿವೆಂಜ್’ ಬಣ್ಣದ ಚೌಕಗಳ ಕುಣಿತವೆಂದು ಯಾರಿಗೂ ತೋರಲಾರದು. ನಾಲ್ಕು ಭಾಗಗಳ ‘ಸ್ವೋರ್ಡ್‌ಕ್ವೆಸ್ಟ್’ ಮಾಲೆಯ ಕೊನೆಯದಾದ ‘ಏರ್‌ವರ್ಲ್ಡ್’ ಅಂದು ಬೆಳಕನ್ನೇ ಕಾಣಲಿಲ್ಲ. ಅದನ್ನು ಇವರು ಹೊಸದಾಗಿ ರಚಿಸಿ ಸೇರಿಸಿದ್ದಾರೆ. ಲುಪ್ತಭಾಗವನ್ನು ಸಂಪಾದಕನೇ ಬರೆದು ತುಂಬುವುದಕ್ಕೆ ನಮ್ಮ ಪಂಡಿತರು ಹುಬ್ಬು ಗಂಟಿಕ್ಕುತ್ತಿದ್ದರು. ಹೊಸದನ್ನು ಹೊಸದೆಂದೇ ಹೇಳಿರುವುದರಿಂದ ನನಗೆ ತಕರಾರಿಲ್ಲ. ಕೊರತೆಯೂ ಉಂಟು. ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಬಳಿ ಹೂಳಲ್ಪಟ್ಟು 2014ರಲ್ಲಿ ಅಗೆದು ತೆಗೆಯಲಾದ ಕುಖ್ಯಾತ ‘ಇ.ಟಿ.’ ಆಟ ಇದರಲ್ಲಿಲ್ಲ. ಅಟಾರಿಯ ಆ ಸೋಲಿನ ಸವಿಯನ್ನೂ ಉಣಬಡಿಸಿದ್ದರೆ ಚರಿತ್ರೆ ಪೂರ್ಣವಾಗುತ್ತಿತ್ತು.

‘ಅಟಾರಿ 50’ರಲ್ಲಿ ನೂರಕ್ಕೂ ಹೆಚ್ಚು ಆಟಗಳಿವೆಯೆಂಬುದನ್ನು ಅದರ ಹಿರಿಮೆಯಾಗಿ ನಾನು ಎಣಿಸುವುದಿಲ್ಲ. ಸಂಖ್ಯೆಯ ವ್ಯಾಮೋಹ ಎಂಥದೆಂಬುದನ್ನು 1990ರ ದಶಕದಲ್ಲಿ ನಮ್ಮ ಮನೆಮನೆಗೆ ಬಂದ ಟಿವಿ ಗೇಮುಗಳ ಕ್ಯಾಸೆಟ್ಟೇ ಕಲಿಸಿದೆ: ಮೇಲೆ ‘9999 ಇನ್ 1’ ಎಂಬ ಘೋಷಣೆ, ಒಳಗೆ ಕೈಬೆರಳೆಣಿಕೆಯ ಆಟಗಳು ಹೆಸರು ಮರೆಸಿಕೊಂಡು ಪುಟಪುಟಗಳಲ್ಲಿ ಮರಳಿ ಮರಳಿ ಬರುತ್ತಿದ್ದುವು.

ಆದಕಾರಣ ನನ್ನ ಪ್ರಥಮ ತಾಂಬೂಲ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆಯದೇ ಆದ 2023ರ ‘ದ ಮೇಕಿಂಗ್ ಆಫ್ ಕರಾಟೆಕಾ’ಕ್ಕೆ ಸಲ್ಲತಕ್ಕದ್ದು. ಇದರ ವಸ್ತು ಒಂದೇ ಒಂದು ಆಟ. ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಜೋರ್ಡನ್ ಮೆಕ್ನರ್ ಆಪಲ್ 2 ಕಂಪ್ಯೂಟರಿಗಾಗಿ ರಚಿಸಿ, 1984ರಲ್ಲಿ ಬ್ರೋಡರ್‌ಬಂಡ್ ಪ್ರಕಟಿಸಿದ ‘ಕರಾಟೆಕಾ’ದ ಪಾತ್ರಗಳು ಮನುಷ್ಯರಂತೆಯೇ ಹೆಜ್ಜೆಯಿಡುವುದನ್ನು ಕಂಡು ಜನ ಬೆರಗಾದರು. ಮೆಕ್ನರ್ ತಮ್ಮ ಕರಾಟೆ ಗುರುವಿನ ಚಲನೆಗಳನ್ನು ಸೂಪರ್ 8 ಫಿಲ್ಮಿನಲ್ಲಿ ಹಿಡಿದು, ಒಂದೊಂದು ಚಿತ್ರದ ಮೇಲೂ ಗೆರೆ ತೆಗೆದು ಅವುಗಳನ್ನು ಕಂಪ್ಯೂಟರಿಗೆ ಇಳಿಸಿದ್ದು ಅದರ ಗುಟ್ಟು. ಸಂಗೀತವನ್ನು ರಚಿಸಿದವರು ತಂದೆ ಫ್ರಾನ್ಸಿಸ್ ಮೆಕ್ನರ್. ಆ ಫಿಲ್ಮು, ಆ ರೇಖಾಚಿತ್ರಗಳು, ಪ್ರಕಾಶಕರೊಡನೆ ನಡೆದ ಪತ್ರವ್ಯವಹಾರ, ಅದಕ್ಕೂ ಮೊದಲು ಕಳುಹಿಸಿ ತಿರಸ್ಕೃತವಾದ ‘ಡೆತ್‌ಬೌನ್ಸ್’ ಎಂಬ ಆಟ, ಕರಾಟೆಕಾದ ಅಪೂರ್ಣ ಕರಡುಗಳು, ಕಮೊಡೋರ್ 64 ಮತ್ತು ಅಟಾರಿ ಕಂಪ್ಯೂಟರುಗಳ ರೂಪಾಂತರಗಳು ಇಲ್ಲಿ ದೊರೆಯುತ್ತವೆ. ಕರಡುಗಳನ್ನು ಆಡಿಯೂ ನೋಡಬಹುದು. ಮುಂದೆ 1989ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ಕೊಟ್ಟ ಕೈ ಹೇಗೆ ಪಳಗಿತೆಂಬುದನ್ನು ಹಂತಹಂತವಾಗಿ ಕಾಣುವ ಇಂಥ ಅವಕಾಶ ನಮ್ಮ ಎಷ್ಟು ಮಂದಿ ಕವಿಗಳ ವಿಷಯದಲ್ಲಿ ನಮಗುಂಟು?

ಜಪಾನಿನ ಹ್ಯಾಮ್‌ಸ್ಟರ್ ಸಂಸ್ಥೆಯ ‘ಆರ್ಕೇಡ್ ಆರ್ಕೈವ್ಸ್’ ಮಾಲೆಯ ದಾರಿ ಬೇರೆ. 2014ರಿಂದ ನಡೆದುಬಂದ ಈ ಮಾಲೆಯಲ್ಲಿ ಪೀಠಿಕೆಯಿಲ್ಲ, ಸಂದರ್ಶನವಿಲ್ಲ. ವಾರಕ್ಕೊಂದು ಆಟ ಬಿಡಿಯಾಗಿ, ಆಡಂಬರವಿಲ್ಲದೆ, ಹಲವು ವೇಳೆ ಜಪಾನಿನ ಪಾಠ ಹೊರನಾಡಿನ ಪಾಠ ಎರಡನ್ನೂ ಒಳಗೊಂಡು ಬರುತ್ತದೆ. ಗುಮಾಸ್ತನ ಶ್ರದ್ಧೆಯೂ ಒಂದು ಶ್ರದ್ಧೆಯೇ.

ಇನ್ನು ಆಗಬಾರದಿದ್ದುದರ ಮಾತು. 2022ರ ‘ಸೋನಿಕ್ ಒರಿಜಿನ್ಸ್’ ಸಂಕಲನದಲ್ಲಿ 1994ರ ‘ಸೋನಿಕ್ 3’ರ ಕೆಲವು ಘಟ್ಟಗಳ ಸಂಗೀತವನ್ನು ತೆಗೆದು ಬೇರೆಯದನ್ನು ಕೂರಿಸಿದರು, ಅದರ ಬಿಡುಗಡೆಗೆ ಮುನ್ನವೇ ಹಳೆಯ ಬಿಡಿಪ್ರತಿಗಳನ್ನು ಮಾರಾಟದಿಂದ ಹಿಂತೆಗೆದುದು ಇನ್ನೂ ದೊಡ್ಡ ಅಪಚಾರ. ನಿಂಟೆಂಡೊ ತನ್ನ ‘ಸೂಪರ್ ಮಾರಿಯೋ 3ಡಿ ಆಲ್-ಸ್ಟಾರ್ಸ್’ ಸಂಕಲನವನ್ನು 2020ರ ಸೆಪ್ಟೆಂಬರಿನಲ್ಲಿ ಹೊರತಂದು, 2021ರ ಮಾರ್ಚ್ 31ಕ್ಕೆ ತಾನೇ ಹಿಂದಕ್ಕೆ ಪಡೆಯಿತು. ಅಮೆರಿಕದಲ್ಲಿ 2010ಕ್ಕೆ ಮೊದಲು ಪ್ರಕಟವಾದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿಯೇ ಸಿಕ್ಕುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ನಿನವರು 2023ರಲ್ಲಿ ತೋರಿಸಿಕೊಟ್ಟಿರುವಾಗ, ಸಿಕ್ಕುತ್ತಿರುವುದನ್ನೂ ಬೇಕೆಂದೇ ಬಚ್ಚಿಡುವುದಕ್ಕೆ ವ್ಯಾಪಾರವೆಂಬ ಸಮಾಧಾನ ಸಾಲದು.

ಒಂದನ್ನೇ ಕೊಳ್ಳುವ ಅನುಕೂಲವಿದ್ದವರು ‘ಕರಾಟೆಕಾ’ವನ್ನು ಕೊಳ್ಳಲಿ, ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೂರಕ್ಕೂ ಬಂದಿದೆ. ಆಡುವ ಮುನ್ನ ಟಿವಿಯಲ್ಲಿ ‘ಗೇಮ್ ಮೋಡ್’ ಹಾಕಿಕೊಳ್ಳಿ, ವಿಳಂಬ ಅರ್ಧಕ್ಕರ್ಧ ಅಲ್ಲಿಯೇ ತಗ್ಗೀತು. ಆಟದ ಕೊನೆಯಲ್ಲಿ, ಸೆರೆಯಿಂದ ಬಿಡಿಸಬೇಕಾದ ರಾಜಕುಮಾರಿಯ ಬಳಿಗೆ ಹೋಗುವಾಗ ಮಾತ್ರ ಕಾದಾಟದ ಭಂಗಿಯನ್ನು ಬಿಟ್ಟು ಹೋಗಿ. ಇಲ್ಲವಾದರೆ ಆಕೆಯ ಒಂದೇ ಒದೆತಕ್ಕೆ ನಿಮ್ಮ ಆಟ ಮುಗಿಯುತ್ತದೆ.