ದೇವರ ಸಾಕ್ಷಿ, ಹೆಂಗಸಿನ ಪತ್ತೇದಾರಿ

1930ರಲ್ಲಿ ಲಂಡನ್ನಿನ ಪತ್ತೇದಾರಿ ಕಾದಂಬರಿಕಾರರು ಡಿಟೆಕ್ಷನ್ ಕ್ಲಬ್ ಎಂಬ ಕೂಟ ಕಟ್ಟಿಕೊಂಡರು. ಸೇರುವವರು ಪ್ರಮಾಣ ಮಾಡಬೇಕಿತ್ತು: ನಮ್ಮ ಪತ್ತೇದಾರರು ಬುದ್ಧಿ ಓಡಿಸಿಯೇ ಕೇಸು ಬಿಡಿಸುತ್ತಾರೆ, ದೈವಪ್ರೇರಣೆ, ಹೆಂಗಸಿನ ಒಳಮನಸ್ಸು, ಮಂತ್ರತಂತ್ರ, ಕಾಕತಾಳೀಯ ಯಾವುದರ ಮೊರೆಯನ್ನೂ ಹೋಗುವುದಿಲ್ಲ. ಕೂಟದ ಮೊದಲ ಅಧ್ಯಕ್ಷ ಜಿ.ಕೆ. ಚೆಸ್ಟರ್ಟನ್, ಫಾದರ್ ಬ್ರೌನ್ ಎಂಬ ಪಾದ್ರಿ ಪತ್ತೇದಾರನ ಸೃಷ್ಟಿಕರ್ತ. ಸದಸ್ಯೆ ಡೊರೊತಿ ಸೇಯರ್ಸ್ ಮುಂದೆ ದಾಂತೆಯನ್ನು ಇಂಗ್ಲಿಷಿಗೆ ತಂದ ಶ್ರದ್ಧಾವಂತೆ. ಇವರಿಗೆ ದೇವರ ಮೇಲೆ ಅನುಮಾನವಿರಲಿಲ್ಲ. ದೇವರನ್ನು ಕಟಕಟೆಗೆ ಎಳೆದು ಸಾಕ್ಷಿ ಹೇಳಿಸಬಾರದೆಂಬ ಸಂಕೋಚವಿತ್ತು. 1910ರ ಮೊದಲ ಕಥೆಯಲ್ಲೇ ಫಾದರ್ ಬ್ರೌನ್ ಪಾದ್ರಿವೇಷದ ಕಳ್ಳನನ್ನು ಗುರುತಿಸುವುದು ಆತ ತರ್ಕವನ್ನು ಹೀಗಳೆದ ಕಾರಣಕ್ಕೆ. ನಿಜವಾದ ಪಾದ್ರಿ ಹಾಗೆ ಮಾತಾಡುವುದಿಲ್ಲ!

ಆ ಪ್ರಮಾಣದ ಎರಡು ನಿಷೇಧಗಳನ್ನು ಒಟ್ಟಿಗೇ ಮುರಿದು ಬೆಳೆದದ್ದು ಅಮೆರಿಕದ ಕ್ರೈಸ್ತ ಸಸ್ಪೆನ್ಸ್ ಕಾದಂಬರಿ. ನಾಯಕಿ ವಕೀಲೆ, ಪೊಲೀಸು ಅಥವಾ ಪತ್ರಕರ್ತೆ. ಬೆನ್ನ ಹಿಂದೆ ಕೊಲೆಗಾರ, ಎದೆಯಲ್ಲಿ ಪ್ರಾರ್ಥನೆ. ಟೆರಿ ಬ್ಲ್ಯಾಕ್‌ಸ್ಟಾಕ್, ಡೀ ಹೆಂಡರ್ಸನ್, ಲಿನೆಟ್ ಈಸನ್ ಇದರ ದೊಡ್ಡ ಹೆಸರುಗಳು. 2005ರಲ್ಲಿ ಶುರುವಾದ ಲವ್ ಇನ್‌ಸ್ಪೈರ್ಡ್ ಸಸ್ಪೆನ್ಸ್ ಮಾಲೆ ಇದನ್ನು ತಿಂಗಳಿಗಿಷ್ಟು ಎಂಬ ಲೆಕ್ಕದ ಸರಕನ್ನಾಗಿಸಿತು. ಬೈಗುಳವಿಲ್ಲ, ಮಂಚವಿಲ್ಲ, ಕೊನೆಗೆ ಮದುವೆ ಖಾತ್ರಿ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಒಂದೇ ಪಟ್ಟಿಗೆ ಕೂತು ಓದಿ ಮುಗಿಸಿದವರು ಈ ರುಚಿಯನ್ನು ಹೀಗಳೆಯಬೇಕಿಲ್ಲ. ನನ್ನ ತಕರಾರು ಬೇರೆ. ಹೆಂಡರ್ಸನ್ನರ ‘ದಿ ನೆಗೋಶಿಯೇಟರ್’ (2000) ಕಾದಂಬರಿಯ ಕೇಟ್ ಒತ್ತೆಯಾಳುಗಳನ್ನು ಬಿಡಿಸುವ ಮಾತುಗಾರ್ತಿ, ದೇವರನ್ನು ನಂಬದವಳು. ಆಕೆಯ ಕಸುಬನ್ನು ಬರೆಯುವಾಗ ಪುಟಗಳಿಗೆ ಜೀವವಿದೆ. ಆದರೆ ಅವಳನ್ನು ಪ್ರೀತಿಸುವ ಎಫ್‌ಬಿಐ ಅಧಿಕಾರಿ ಭಕ್ತ. ಅವಳು ನಂಬುವ ತನಕ ಪ್ರೇಮ ಮುಂದೆ ಸಾಗದು. ಕೊಲೆಗಾರ ಯಾರೋ ಓದುಗನಿಗೆ ತಿಳಿಯದಿರಬಹುದು, ಕೇಟ್ ನಂಬುತ್ತಾಳೆಂಬುದು ಮಾತ್ರ ಮೊದಲೇ ಗೊತ್ತು. ಆತ್ಮದ ವಿಷಯದಲ್ಲಿ ಸಸ್ಪೆನ್ಸೇ ಇಲ್ಲದ ಸಸ್ಪೆನ್ಸ್ ಇದು.

ಇದೇ ಹೊಯ್ದಾಟವನ್ನು ನಿಜವಾಗಿ ಬದುಕಿದ ಹೆಂಗಸು ನಾಸಿಕದ ಬಳಿಯ ಜಲಾಲ್‌ಪುರದಲ್ಲಿ 1868ರಲ್ಲಿ ಹುಟ್ಟಿದ ಲಕ್ಷ್ಮೀಬಾಯಿ ಟಿಳಕ್. ಗಂಡ, ಕವಿ ನಾರಾಯಣ ವಾಮನ ಟಿಳಕರು ಹೇಳದೆ ಕೇಳದೆ ಮನೆ ಬಿಟ್ಟು ಹೋಗುವ ಆಸಾಮಿ. 1895ರಲ್ಲಿ ಅವರು ಕ್ರೈಸ್ತರಾದರು. ಹೆಂಡತಿ ಹಿಂದೆ ಹೋಗಲಿಲ್ಲ. ಮಡಿ, ಜಾತಿ, ದೇವರು ಇವನ್ನು ಒಂದೊಂದಾಗಿ ತಾವೇ ತಿರುವಿ ನೋಡಿ, ಸುಮಾರು ಐದು ವರ್ಷದ ನಂತರ ತಮ್ಮದೇ ನಿರ್ಧಾರಕ್ಕೆ ಬಂದರು. ಮರಾಠಿಯ ‘ಸ್ಮೃತಿಚಿತ್ರೆ’ಯಲ್ಲಿ ಆ ನಂಬಿಕೆ ಯಾರ ಪ್ರೀತಿಗೂ ಕಟ್ಟಿದ ಸುಂಕವಲ್ಲ. ಅದು ಪತ್ತೇದಾರಿ ಪುಸ್ತಕವಲ್ಲ ನಿಜ. ಮುಂದೇನಾಗುತ್ತದೋ ಎಂಬ ಕಾತರ ಮಾತ್ರ ಹೆಂಡರ್ಸನ್ನರಿಗಿಂತ ಇಲ್ಲೇ ಹೆಚ್ಚು.

ಅಪರಾಧ ಬೇಕೆಂದರೆ ಅದೇ ನಾಸಿಕದಲ್ಲಿ, ಎರಡು ವರ್ಷ ಮೊದಲು ಹುಟ್ಟಿದ ಕಾರ್ನೀಲಿಯಾ ಸೊರಾಬ್ಜಿ ಇದ್ದಾರೆ. ತಂದೆ ಸೊರಾಬ್ಜಿ ಖರ್ಸೇಟ್‌ಜಿ ಪಾರ್ಸಿ ಮತ ಬಿಟ್ಟು ಮಿಷನ್ ಸೇರಿದವರು. ಕಾರ್ನೀಲಿಯಾರ ಬಾಲ್ಯದ ಒಂದು ಭಾಗ ಕಳೆದದ್ದು ಬೆಳಗಾವಿಯಲ್ಲಿ. 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಸೇರಿದರು. ಮುಂದೆ ಸೇಯರ್ಸ್ ಓದಿದ್ದೂ ಅಲ್ಲೇ. 1892ರಲ್ಲಿ ಕಾನೂನು ಪರೀಕ್ಷೆ ಬರೆದರೂ ಪದವಿ ಕೈಗೆ ಬರಲು 30 ವರ್ಷ ಬೇಕಾಯಿತು. 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಅವರ ಕೆಲಸ ಪರದೆಯೊಳಗಿನ ವಿಧವೆಯರದ್ದು. ಗಂಡಸು ವಕೀಲ ಆ ಅಂತಃಪುರದ ಹೊಸ್ತಿಲು ದಾಟುವಂತಿಲ್ಲ. ದಿವಾನ ತಂದ ಕಾಗದಕ್ಕೆ ಒಳಗಿನವಳು ಹೆಬ್ಬೆಟ್ಟು ಒತ್ತಬೇಕು. ಮೋಸಕ್ಕೆ ಇದಕ್ಕಿಂತ ಹದವಾದ ನೆಲವುಂಟೇ? ಕಾರ್ನೀಲಿಯಾ ಒಳಗೆ ಹೋಗಿ ಕೂತು ಕೇಳಿದರು, ಲೆಕ್ಕ ತೆಗೆಸಿದರು. ಹೆಣ್ಣೆಂಬುದು ಅವರಿಗೆ ಬಾಗಿಲು ತೆರೆಯಿತು, ನಂಬಿಕೆ ಪಟ್ಟು ಕೊಟ್ಟಿತು. ಪುರಾವೆಯನ್ನು ಎರಡೂ ಕೊಡಲಿಲ್ಲ, ಅದನ್ನು ದುಡಿದೇ ಸಂಪಾದಿಸಬೇಕಾಯಿತು. ಅದೇ ನಂಬಿಕೆಗೆ ಬಿಳಿಯರ ಆಳ್ವಿಕೆಯ ಮೇಲಿನ ಭಕ್ತಿಯೂ ಅಂಟಿಕೊಂಡಿತ್ತು. ಗಾಂಧಿಯನ್ನು ವಿರೋಧಿಸಿದರು, ಕ್ಯಾಥರಿನ್ ಮೇಯೊರ ‘ಮದರ್ ಇಂಡಿಯಾ’ದ ಪರ ನಿಂತರು. ಇದನ್ನು ಮರೆಮಾಚಿ ಅವರನ್ನು ಹೊಗಳಲಾರೆ.

ಸುಜಾತಾ ಮ್ಯಾಸ್ಸಿ 2018ರ ‘ದಿ ವಿಡೋಸ್ ಆಫ್ ಮಲಬಾರ್ ಹಿಲ್’ನಲ್ಲಿ ಕಾರ್ನೀಲಿಯಾರಿಂದ ಸ್ಫೂರ್ತಿ ಪಡೆದು ಪರ್ವೀನ್ ಮಿಸ್ತ್ರಿ ಎಂಬ ವಕೀಲೆಯನ್ನು ಕಟ್ಟಿದರು. 1921ರ ಮುಂಬೈ, ಒಬ್ಬ ಗಿರಣಿ ಮಾಲೀಕನ ಮೂವರು ವಿಧವೆಯರು, ಆಸ್ತಿ ಬಿಟ್ಟುಕೊಡುವ ಕಾಗದದ ಸಹಿಗಳ ಮೇಲೆ ಅನುಮಾನ. ಕಥೆ ಗಟ್ಟಿಯಾಗಿದೆ, ಸುಳಿವುಗಳು ಪ್ರಾಮಾಣಿಕವಾಗಿವೆ. ಆದರೆ ಪರ್ವೀನ್ ಪಾರ್ಸಿ. ನಾಸಿಕದ ಕ್ರೈಸ್ತ ಮನೆ ದಾರಿಯಲ್ಲೇ ಬಿದ್ದುಹೋಗಿದೆ. ಅಮೆರಿಕದವರು ನಂಬಿಕೆ ಇಟ್ಟುಕೊಂಡು ಪುರಾವೆಯನ್ನು ಸಡಿಲಬಿಟ್ಟರು, ಮ್ಯಾಸ್ಸಿ ಪುರಾವೆ ಹಿಡಿದು ಆ ನಂಬಿಕೆಯನ್ನು ಬಿಟ್ಟರು. ಖುದ್ದು ಕಾರ್ನೀಲಿಯಾರೇ 1901ರಲ್ಲಿ ಪರದೆಯೊಳಗಿನ ಬದುಕಿನ ಕಥೆಗಳನ್ನು ಬರೆದರು. ಅವು ನಿಟ್ಟುಸಿರಿನ ಕಥೆಗಳು, ಒಗಟಿನವಲ್ಲ.

ಆತ್ಮಕಥೆಯಲ್ಲಿ ಅವರು ತಮ್ಮ ಮೊದಮೊದಲ ಮೊಕದ್ದಮೆಯೊಂದನ್ನು ನೆನೆಯುತ್ತಾರೆ. ಆನೆಯೊಂದರ ಪರವಾಗಿ ರಾಜನೆದುರು ವಾದಿಸಲು ಹೋಗಿದ್ದರು. ಉಯ್ಯಾಲೆಯ ಮೇಲೆ ಕೂತ ರಾಜ ವಾದ ಕೇಳುವ ಮೊದಲೇ ತೀರ್ಪು ಕೊಟ್ಟ: ತನ್ನ ನಾಯಿಗೆ ಈಕೆ ಹಿಡಿಸಿದ್ದಾಳೆ, ಆದ್ದರಿಂದ ಗೆಲುವು ಈಕೆಯದು. ಲವ್ ಇನ್‌ಸ್ಪೈರ್ಡ್ ಕಾದಂಬರಿಯಲ್ಲಾಗಿದ್ದರೆ ಇದು ಪ್ರಾರ್ಥನೆಯ ಫಲ ಎನಿಸಿಕೊಳ್ಳುತ್ತಿತ್ತು. ಕಾರ್ನೀಲಿಯಾ ಅದನ್ನು ನಾಯಿಯ ಲೆಕ್ಕಕ್ಕೇ ಬರೆದರು.