ಹೂವು ನಂಬಬೇಡಿ, ತೊಟ್ಟು ನೋಡಿ

ಕೆಂಗೇರಿ ಉಪನಗರದಲ್ಲಿ ಮನೆ ಏಳದೆ ಉಳಿದ ನಿವೇಶನ, ರೈಲುಹಳಿಯ ಬದಿ, ಸೂಲಿಕೆರೆ ಕಡೆಯ ಕುರುಚಲು: ಬದನೆಯ ಕಾಡುನೆಂಟರನ್ನು ಹುಡುಕಬೇಕಾದ ಜಾಗಗಳಿವು. ದನವೂ ಬಾಯಿ ಹಾಕದ ಮುಳ್ಳುಗಿಡ ಕಂಡರೆ ಬಗ್ಗಿ ನೋಡಿ. ಹೊಸಬರು ಹೂವಿಗೆ ಮರುಳಾಗುತ್ತಾರೆ. ಐದು ಮೂಲೆಯ ನೇರಳೆ ನಕ್ಷತ್ರ, ನಡುವೆ ಹಳದಿ ಕೇಸರ. ಬಳಗದ ಬಹುಪಾಲಿಗೆ ಇದೇ ವೇಷ. ಗುರುತು ಇರುವುದು ಮುಳ್ಳಿನಲ್ಲಿ, ಎಲೆಯಲ್ಲಿ, ಕಾಯಿಯ ತೊಟ್ಟಿನಲ್ಲಿ.

ಸುಂಡೆ ಸುಲಭ. ಹೂವು ಬಿಳಿ, ಗಿಡ ಆಳೆತ್ತರ ದಾಟುತ್ತದೆ, ಕಾಯಿ ಗೊಂಚಲು ಗೊಂಚಲು, ತೊಟ್ಟಿನಲ್ಲಿ ಮುಳ್ಳಿಲ್ಲ. ಮಜ್ಜಿಗೆಯಲ್ಲಿ ನೆನೆಸಿ, ಒಣಗಿಸಿ, ಕರಿದು ತಿನ್ನುವ ಈ ಕಾಯಿಯ ತವರು ಅಮೆರಿಕದ ಉಷ್ಣವಲಯ. ಸೊರಗು ರೋಗಕ್ಕೆ ಜಗ್ಗದ ಬೇರೆಂದು ಬದನೆಯನ್ನು ಇದರ ಮೇಲೆ ಕಸಿ ಕಟ್ಟುವುದೂ ಉಂಟು.

ನೆಲಗುಳ್ಳ ಹೆಸರಿಗೆ ತಕ್ಕಂತೆ ನೆಲ ಹಿಡಿದೇ ಹಬ್ಬುತ್ತದೆ. ಎಲೆ ಆಳವಾಗಿ ಸೀಳಿರುತ್ತದೆ. ಅದರ ಎರಡೂ ಮೈಮೇಲೆ ನೆಟ್ಟಗಿನ ಹಳದಿ ಮುಳ್ಳು. ಕಿರುಗುಳ್ಳ ಎದ್ದು ನಿಲ್ಲುವ ಪೊದೆ. ಮುಳ್ಳು ಕೊಕ್ಕೆ, ಕಾಯಿ ಸುಮಾರು 1 ಸೆಂ.ಮೀ., ಹಣ್ಣಾದರೆ ಕಿತ್ತಳೆಗೆಂಪು. ಕಂಟಕಾರಿ, ಬೃಹತಿ ಎಂಬ ಹೆಸರಲ್ಲಿ ಇವೆರಡೂ ಆಯುರ್ವೇದದ ದಶಮೂಲದಲ್ಲಿವೆ.

ಕಣ್ಣಿಗೆ ನಿಜವಾದ ಪರೀಕ್ಷೆ ಕಾಡುಬದನೆ, ಬದನೆಯ ಮೂಲಪುರುಷ. 1767ರಲ್ಲಿ ಲಿನೇಯಸ್ ಇದನ್ನು ಸೊಲ್ಯಾನಮ್ ಇನ್ಸಾನಮ್ ಎಂದು ಕರೆದ. ನಮ್ಮ ಹಳೆಯ ಸಸ್ಯಗ್ರಂಥಗಳು ಇದನ್ನು ಸೊಲ್ಯಾನಮ್ ಇನ್ಕ್ಯಾನಮ್ ಎಂಬ ಬೇರೆ ಜಾತಿಯ ಜೊತೆ ಬೆರೆಸಿವೆ. ಕಾಯಿ ಸಾಮಾನ್ಯವಾಗಿ ಒಂಟಿ, 2–3 ಸೆಂ.ಮೀ., ಹಸಿರಿನ ಮೇಲೆ ಬಿಳಿ ಪಟ್ಟೆ, ಹಣ್ಣಾದರೆ ಹಳದಿ. ತೊಟ್ಟಿನಲ್ಲಿ ಮುಳ್ಳು. ನೆಲಗುಳ್ಳದ ಕಾಯಿಯೂ ಹೀಗೇ ಇರುವುದರಿಂದ ಎಲೆ ತಿರುವಿ ನೋಡಿ: ಅಂಚು ಬರೀ ಅಲೆಯಂತೆ ಬಳುಕಿ, ಅಡಿಯಲ್ಲಿ ನವಿರಾದ ರೋಮ ಒತ್ತಾಗಿದ್ದರೆ ಅದು ಕಾಡುಬದನೆ.

ಕೆಲವು ಗಿಡ ಯಾವ ಲಕ್ಷಣಕ್ಕೂ ಒಗ್ಗುವುದಿಲ್ಲ. ಕಾಯಿ ಕಾಡಿನದಕ್ಕಿಂತ ದೊಡ್ಡದು, ಊರಿನದಕ್ಕಿಂತ ಚಿಕ್ಕದು, ಮುಳ್ಳು ಅರೆಬರೆ. ಅಲ್ಲಿ ಹೆಸರಿಗಾಗಿ ಹಟ ಹಿಡಿಯಬೇಡಿ. ಮೈ ನಡುಗಿಸಿ ಪರಾಗ ಉದುರಿಸುವ ನೀಲಿಪಟ್ಟಿ ಜೇನು, ಬಡಗಿ ದುಂಬಿಗಳಿಗೆ ಹಿತ್ತಲೂ ಒಂದೇ, ಬಯಲೂ ಒಂದೇ. ಊರ ಬದನೆ, ಕಾಡುಬದನೆ ಸಲೀಸಾಗಿ ಕೂಡುತ್ತವೆ. ಮಿಶ್ರ ಸಸಿಯೂ ಬೀಜ ಕಟ್ಟುತ್ತದೆ. 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಬಿಟಿ ಬದನೆಯನ್ನು ತಡೆಹಿಡಿಯುವ ಮುನ್ನ ನಡೆದ ವಾದದಲ್ಲಿ ಈ ಬೆರಕೆಯ ಭಯವೂ ಇತ್ತು.

ಹಾಗೆಂದು ಪಕ್ಕದ ನಿವೇಶನದಲ್ಲಿ ಕಾಡುಬದನೆ ಕಂಡರೆ ಕೀಳಬೇಡಿ. ನಿಮ್ಮ ಕುಂಡದ ಬದನೆಯಿಂದ ಬೀಜ ಉಳಿಸುವುದಿದ್ದರೆ, ಮೊಗ್ಗು ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ. ತಳಿಯೂ ಉಳಿಯುತ್ತದೆ, ಅದರ ಪೂರ್ವಿಕನೂ ಉಳಿಯುತ್ತಾನೆ.